ಹುಸೇನಬಿಗೆ ಆಗಿಬರದ ಗುಳಿಗೆ

ಇವತ್ತು ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಬೂದು ಬಣ್ಣದ ಬೆಕ್ಕೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ಬೆಕ್ಕು ಕಂಡರೆ ನಿಮಗೆ ಅಪಶಕುನ ನೆನಪಾಗಬಹುದು. ನನಗೆ ಘೋಡಗೇರಿಯ ಹುಸೇನಬಿ ನೆನಪಾಗುತ್ತಾರೆ.

ಆಗಷ್ಟೇ ನಾನು ಹುಕ್ಕೇರಿಯಲ್ಲಿ ದವಾಖಾನೆ ತೆರೆದಿದ್ದೆ. ಹೊಸ ವೈದ್ಯರ ಅವಸರ ನೀವೂ ಕಂಡಿರುತ್ತೀರಿ. ರೋಗಿ ಬಾಯಿ ತೆರೆಯುವ ಮೊದಲೇ ನಾನು ಪೆನ್ನು ತೆರೆದಿರುತ್ತಿದ್ದೆ!

ಹುಸೇನಬಿ ಹಳೆ ಅರಿವೆ ಜೋಡಿಸಿ ಕೌದಿ ಹೊಲಿದು ಬದುಕುವವರು, ಐವತ್ತು ದಾಟಿದವರು. ಅರಿವೆ ಗಂಟಿನಲ್ಲಿ ಮರಿ ಹಾಕಿದ್ದ ಬೆಕ್ಕನ್ನು ಎಬ್ಬಿಸಲು ಹೋಗಿ ಬಲಗೈಗೆ ಕಚ್ಚಿಸಿಕೊಂಡಿದ್ದರು. ನೋಡಿದರೆ ಎರಡೇ ಚುಕ್ಕೆ. ಆದರೆ ಬೆಕ್ಕಿನ ಹಲ್ಲು ಆಳಕ್ಕಿಳಿಯುತ್ತದೆ. ಮರುದಿನ ಹೆಬ್ಬೆರಳಿನ ಬುಡ ಬಾತ ಮೇಲೆ ನನ್ನಲ್ಲಿಗೆ ಬಂದರು.

“ಸಾಹೇಬ್ರ, ಹೆಬ್ಬಟ್ಟ ಮಡಚಾಕ ಬರವಲ್ದು. ಸೂಜಿ ಹಿಡಿಯಾಕ ಆಗ್ಲಿಲ್ಲಂದ್ರ ಹೊಟ್ಟಿಗೆ ಹೆಂಗ್ರಿ?”

ಗಾಯವನ್ನು ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದೆ. ರೇಬಿಸ್ ಲಸಿಕೆ ಕೊಟ್ಟೆ. ಇಂಥ ಗಾಯಕ್ಕೆ ಸಾಮಾನ್ಯವಾಗಿ ಕೊಡುವ ಪೆನಿಸಿಲಿನ್ ಜಾತಿಯ ಗುಳಿಗೆ ಬರೆದು ಚೀಟಿ ಕೊಟ್ಟೆ. ಅವರು ಮಗಳು ಹುಟ್ಟಿದ ಕಥೆ ಹೇಳುತ್ತಲೇ ಇದ್ದರು. ನಾನು ಹೂಂಗುಟ್ಟುತ್ತ ಮುಂದಿನವರನ್ನು ಕರೆದೆ.

“ಮೂಡಲಗಿಯಾಗ ಹಡದಾಗ ಪೆನ್ಸಿಲಿನ್ ಇಂಜೆಕ್ಷನ್ ಮಾಡಿದ್ರು. ಮೈತುಂಬ ದದ್ದು ಎದ್ದು, ಗಂಟಲಾ ಬಿಗದು, ಉಸರ ನಿಂತಂಗಾತ್ರಿ.”

ಚೀಟಿಯನ್ನು ಅವರ ಕೈಯಿಂದ ಕಸಿದುಕೊಂಡೆನೆಂದೇ ಹೇಳಬೇಕು.

“ಹುಸೇನಬಿ ಖಾಲಾ, ಮೊದ್ಲ ಯಾಕ ಹೇಳ್ಲಿಲ್ರಿ?”

“ನೀವು ಕೇಳ್ಲಿಲ್ಲಲ್ರಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಗೋಕಾಕದಲ್ಲಿದ್ದ ಹಿರಿಯ ವೈದ್ಯರೊಬ್ಬರಿಗೆ ಫೋನ್ ಮಾಡಿದೆ. “ಉಸರ ಕಟ್ಟಿತ್ತಂದ್ರ ಆ ಜಾತಿ ಗುಳಿಗಿ ಬ್ಯಾಡೇ ಬ್ಯಾಡ,” ಎಂದರು. “ಡಾಕ್ಸಿಸೈಕ್ಲಿನ್ ಕೊಡು, ಜೋಡಿ ಮೆಟ್ರೋನಿಡಜೋಲ್. ಅವೆರಡೂ ಆಗಿಬರ್ತಾವೇನು ಅಂತ ಮೊದ್ಲ ಕೇಳು. ದಿನಾ ಕೈ ನೋಡು, ಬಾವು ಏರಿದ್ರ ಇಲ್ಲಿಗೆ ಕಳಸು.”

ಸ್ಟೂಲ್ ಎಳೆದುಕೊಂಡು ಅವರೆದುರು ಕುಳಿತೆ. ಹೆರಿಗೆಯ ಕಥೆಯನ್ನು ಮೊದಲಿನಿಂದ ಕೇಳಿದೆ. ಆಮೇಲೆ ಹೊಸ ಚೀಟಿ ಬರೆದೆ.

ಮೂರು ದಿನ ನನಗೇ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಬಾವು ಇಳಿಯಿತು. ವಾರದ ಮೇಲೆ ಬಂದ ಹುಸೇನಬಿ ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಒಂದೇ ಸಲಕ್ಕೆ ದಾರ ಪೋಣಿಸಿ ತೋರಿಸಿದರು. “ನೋಡ್ರಿ, ಬಂತು!” ಎಂದು ನಕ್ಕರು. ನಾನು ಕಣ್ಣಿಗೆ ಕಸ ಬಿದ್ದವನಂತೆ ಕಿಟಕಿಯತ್ತ ತಿರುಗಿದೆ.

ಈಗ ಪೆನ್ನು ಎತ್ತುವ ಮೊದಲು “ಯಾವ ಔಷಧ ನಿಮಗ ಆಗಿಬರೂದಿಲ್ರಿ?” ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ಕೆಲವರು ಲಗ್ನದಿಂದ ಶುರುಮಾಡುತ್ತಾರೆ. ಹೊರಗೆ ಕಾಯುವವರು ಗೊಣಗುತ್ತಾರೆ. ಗೊಣಗಲಿ, ಕಥೆ ಮುಗಿಯಲಿ.