ಗಿಡ ಕೊಟ್ಟವರಿಗೆ ಥ್ಯಾಂಕ್ಸ್ ಅನ್ನಬಾರದು

ನಾರ್ತ್ ಕ್ಯಾರೊಲೈನಾದ ಬೆಟ್ಟದ ಸೀಮೆಯಲ್ಲಿ ಯಾರಾದರೂ ಒಂದು ಗಿಡ ಕೊಟ್ಟರೆ ಥ್ಯಾಂಕ್ಸ್ ಅನ್ನಬಾರದು. ಅಂದುಬಿಟ್ಟರೆ ಗಿಡ ಸಾಯುತ್ತದೆ. ಬಾಗಿಲು ಹಿಡಿದವರಿಗೆ, ಸಾರು ಬಡಿಸಿದವರಿಗೆ, ಕೊನೆಗೆ ದಂಡ ಹಾಕಿದ ಪೊಲೀಸನಿಗೂ ಥ್ಯಾಂಕ್ಸ್ ಅನ್ನುವ ಈ ಜನ, ಗಿಡದ ವಿಷಯ ಬಂದಾಗ ಮಾತ್ರ ತುಟಿ ಹೊಲಿದುಕೊಳ್ಳುತ್ತಾರೆ. "ಬೇರು ಗಟ್ಟಿಯಾಗಿದೆ" ಅನ್ನುತ್ತಾರೆ, "ನಮ್ಮನೆ ಕೋಳಿ ಕೆದಕದಿದ್ರೆ ಸಾಕು" ಅನ್ನುತ್ತಾರೆ, ಗಿಡವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಡುತ್ತಾರೆ. ಹಾಸ್ಕಿನ್ ಊರಿನ ಓಲೀಟಾ ಪೆನ್‌ಲ್ಯಾಂಡ್ ಜೀವಮಾನದಲ್ಲಿ ಕೊಟ್ಟ ಗಿಡಗಳಿಗೆ ಲೆಕ್ಕವಿಲ್ಲ. ಅದಕ್ಕಾಗಿ ಯಾರೂ ಅವಳಿಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ, ಅವಳಿಗೂ ಅದೇ ಬೇಕಾಗಿತ್ತು.

ಅವಳು ಹುಟ್ಟಿದ್ದು ಬೆಟ್ಟದ ಮೇಲಿನ ತಂಬಾಕಿನ ಹೊಲದಲ್ಲಿ. ಹೊಲವೆಲ್ಲ ಅಣ್ಣಂದಿರ ಪಾಲಾಯಿತು. ಇವಳ ಪಾಲಿಗೆ ಬಂದದ್ದು ಅಡುಗೆಮನೆ ಬಾಗಿಲ ಬಳಿಯ ಪಿಯೋನಿ ಗಿಡದ ಒಂದು ಗೆಡ್ಡೆ. ಮದುವೆಯ ದಿನ ಅವ್ವ ಅದನ್ನು ಹಿಟ್ಟಿನ ಚೀಲದ ತುಂಡಿನಲ್ಲಿ ಸುತ್ತಿ ಮಗಳ ಮಡಿಲಿಗೆ ಹಾಕಿದಳು. ಓಲೀಟಾಳ ಬಾಯಿಯ ತನಕ ಬಂದ ಮಾತು ಅಲ್ಲೇ ನಿಂತಿತು. "ತುಂಬ ಆಳಕ್ಕೆ ಹೂಳಬೇಡ" ಎಂದಷ್ಟೇ ಅವ್ವ ಹೇಳಿದ್ದು. ಆ ಚಳಿಗಾಲದಲ್ಲೇ ಅವ್ವ ತೀರಿಕೊಂಡಳು.

ಪಿಯೋನಿ ಮಹಾ ಬಿಗುಮಾನದ ಗಿಡ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅಂಗೈ ತುಂಬಿ ಮಿಗುವಷ್ಟು ದೊಡ್ಡ ತಿಳಿಗುಲಾಬಿ ಹೂ ಬಿಟ್ಟು ಒಂದು ಜೋರು ಮಳೆಗೆ ನೆಲಕಚ್ಚುತ್ತದೆ. ಅದನ್ನು ಕಿತ್ತು ಬೇರೆಡೆ ನೆಡಬೇಕಾದರೆ ಎಲೆ ಉದುರುವ ಅಕ್ಟೋಬರಿನಲ್ಲೇ ನೆಡಬೇಕು. ಆಗಲೂ ಮುನಿಸಿಕೊಂಡು ಎರಡು ಮೂರು ವರ್ಷ ಮೊಗ್ಗು ತೋರಿಸುವುದಿಲ್ಲ. ಮೊಗ್ಗಿರುವಾಗ ಕಿತ್ತರಂತೂ ಆಸೆ ಬಿಡಬೇಕು, ಅದರಲ್ಲೂ ಗಿಡ ಹಳೆಯದಾಗಿದ್ದರೆ.

ಊರಿನ ಕಾಲುಚೀಲದ ಮಿಲ್ಲಿನಲ್ಲಿ ಓಲೀಟಾಳ ಕೆಲಸ, ಕಾಲುಚೀಲದ ಬೆರಳಿನ ಕಡೆಯ ತೆರೆದ ತುದಿ ಹೊಲಿಯುವುದು. ಗಂಡ ಗಾರ್ಲಂಡ್ ಅದೇ ಮಿಲ್ಲಿನಲ್ಲಿ ಯಂತ್ರ ರಿಪೇರಿಯವನು. ಮಾತು ಕಡಿಮೆ, ಆಡಿದರೆ ಕುಹಕ. ಮಕ್ಕಳಾಗಲಿಲ್ಲ. ಅಮೆರಿಕದ ಅರ್ಧ ಜನ ತಮ್ಮ ಹೊಲಿಗೆಯ ಮೇಲೆ ಹೆಜ್ಜೆ ಇಡುತ್ತಾರೆ ಎಂಬುದು ಮಿಲ್ಲಿನ ಹೆಂಗಸರ ಹೆಮ್ಮೆಯಾಗಿತ್ತು. ಒಂದು ದಿನ ಮಾಲೀಕರು ಯಂತ್ರಗಳನ್ನು ಬಿಚ್ಚಿ ಹಡಗಿಗೆ ತುಂಬಿದರು. ಮಿಲ್ಲು ಮುಚ್ಚಿತು, ಊರಿನ ಅರ್ಧದಷ್ಟು ಕೈಗಳಿಗೆ ಕೆಲಸವಿಲ್ಲದಂತಾಯಿತು.

ಅದೇ ವರ್ಷ ಸರ್ಕಾರ ಹೊಳೆಗೆ ಹೊಸ ಸೇತುವೆ ಕಟ್ಟಿಸಿ, ಪಕ್ಕದ ಹಳೆಯ ಕಾಂಕ್ರೀಟ್ ಸೇತುವೆಯನ್ನು ಒಡೆಯಲು ಹೊರಟಿತು. ಮಿಲ್ಲಿನ ಹೆಂಗಸರು ಚರ್ಚಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಆ ಮಾತೆತ್ತಿದರು. ವಿಲ್ಡಾ ಬ್ಯಾಂಕ್ಸ್ ಎಂಬವಳು, ಮಿಲ್ಲಿನಲ್ಲಿ ಓಲೀಟಾಳ ಪಕ್ಕದ ಯಂತ್ರದಲ್ಲಿ ಕೂತಿದ್ದವಳು, "ಒಡೆಯೋದ್ಯಾಕೆ, ನಮಗೆ ಕೊಡ್ಲಿ. ಹೂ ಹಾಕ್ತೀವಿ, ಜನ ಓಡಾಡ್ಲಿ" ಎಂದಳು. ವಿಲ್ಡಾಳ ನಾಲಿಗೆಗೆ ಎಲುಬಿಲ್ಲ, ಕಾಲಿಗೆ ದಣಿವಿಲ್ಲ. ಕಚೇರಿಗಳಿಗೆ ಅಲೆದು ಅಲೆದು ಸೇತುವೆಯನ್ನು ಗಿಟ್ಟಿಸಿಯೇಬಿಟ್ಟಳು. ಪೆಟ್ರೋಲ್ ಬಂಕಿನ ಮುಂದೆ ಕೂತ ಗಂಡಸರು, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಧಾಟಿಯಲ್ಲಿ ನಕ್ಕರು. ಆಮೇಲೆ ಅವರೇ ತಮ್ಮ ಪಿಕಪ್ ಗಾಡಿಗಳಲ್ಲಿ ಮಣ್ಣು ಹೊತ್ತು ತಂದರು.

ಮೊದಲ ಮಳೆಗೆ ಹೊತ್ತು ತಂದ ಮಣ್ಣು ಹೊಳೆ ಸೇರಿತು. ಸೇತುವೆಯ ಎರಡೂ ಅಂಚಿಗೆ ನೀರು ಇಳಿದುಹೋಗಲು ತೂತುಗಳಿದ್ದವು. ಅವುಗಳಿಂದ ಕೆಂಪು ಮಣ್ಣು ಧೋ ಎಂದು ಸುರಿಯುವುದನ್ನು ಎಲ್ಲರೂ ಕೊಡೆ ಹಿಡಿದು ನೋಡುತ್ತ ನಿಂತರು. ಆಗ ಉಪಾಯ ಹೊಳೆದದ್ದು ಓಲೀಟಾಳಿಗೆ. ಮಿಲ್ಲಿನ ಗೋದಾಮಿನಲ್ಲಿ ಹೊಲಿಗೆ ತಪ್ಪಿದ ಕಾಲುಚೀಲಗಳು ಮೂಟೆಗಟ್ಟಲೆ ಕೊಳೆಯುತ್ತಿದ್ದವು. ಗಾರ್ಲಂಡ್ ಸೇತುವೆಯ ಮೇಲೆ ಬೋರಲು ಮಲಗಿ, ಪೊರಕೆಯ ಹಿಡಿಯಿಂದ ಒಂದೊಂದು ತೂತಿಗೂ ಕಾಲುಚೀಲದ ಉಂಡೆ ಜಡಿದ. ಹೆಂಗಸರು ಉಂಡೆ ಕಟ್ಟಿ ಕಟ್ಟಿ ಕೊಟ್ಟರು. ಕೊನೆಯದನ್ನು ಜಡಿದು ಎದ್ದವನು ಹೊಟ್ಟೆಯ ಧೂಳು ಕೊಡವಿಕೊಂಡು, "ಇನ್ನು ಸೇತುವೆಗೆ ಶೀತ ಆಗಲ್ಲ" ಎಂದ. ಮಣ್ಣು ನಿಂತಿತು. ಪ್ರತಿ ವಸಂತದಲ್ಲಿ ಹೊಸದಾಗಿ ಸೇರಿದ ಸ್ವಯಂಸೇವಕರಿಗೆ ಕೇಕಿನ ಜೊತೆಗೆ ಈ ಕಥೆಯೂ ಸಿಗುತ್ತಿತ್ತು.

ತೋಟ ಬೆಳೆಯಿತು. ಕಂಬಿಗಳಿಗೆ ಗುಲಾಬಿ ಹಬ್ಬಿತು, ಐರಿಸ್ ಗಿಡಗಳು ಒಡೆದು ಒಡೆದು ಇಡೀ ಅಂಚು ತುಂಬಿದವು. ಮಿಲ್ಲನ್ನು ನೋಡಲು ಯಾರೂ ಬಂದದ್ದಿಲ್ಲ, ಸೇತುವೆ ನೋಡಲು ದೂರದೂರಿನವರು ಕಾರು ಕಟ್ಟಿಕೊಂಡು ಬಂದರು. ಬೇಸಿಗೆಯಲ್ಲಿ ದಿನಕ್ಕೆರಡು ಸಲ ಹೊಳೆಯಿಂದ ಪಂಪು ಹಚ್ಚಿ ನೀರು ಹಾಯಿಸುವುದು ಓಲೀಟಾಳ ಪಾಳಿ. ಒಂದು ದಿನವೂ ತಪ್ಪಿಸಿದವಳಲ್ಲ.

ಗಾರ್ಲಂಡ್ ತೀರಿಹೋದ ಮೇಲೆ ಮನೆಯ ಮೆಟ್ಟಿಲು, ಹುಲ್ಲು, ಸೋರುವ ಸೂರು ಒಂದೂ ಅವಳ ಕೈಯಲ್ಲಿ ನಡೆಯಲಿಲ್ಲ. ಮಾರಿಬಿಟ್ಟು ವೃದ್ಧರ ವಸತಿಯ ಎರಡನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು. ಅಲ್ಲಿ ಕಿಟಕಿ ಇತ್ತು, ಗಿಡ ನೆಡಲು ನೆಲವಿರಲಿಲ್ಲ. ಆ ಅಕ್ಟೋಬರಿನಲ್ಲಿ ಮಾರಿದ ಮನೆಯಂಗಳದಿಂದ ಪಿಯೋನಿಯನ್ನು ಕಿತ್ತು ತಂದು ಸೇತುವೆಯ ನಟ್ಟನಡುವೆ, ಕಂಬಿಯ ಅಂಚಿಗಿದ್ದ ತನ್ನ ಪಾಲಿನ ಮಡಿಯಲ್ಲಿ ನೆಟ್ಟಳು. ಅದು ಪದ್ಧತಿಯಂತೆ ಮುನಿಸಿಕೊಂಡು, ಆಮೇಲೆ ಒಲಿಯಿತು. ದಿನಾ ಬೆಳಗ್ಗೆ ಫ್ಲಾಸ್ಕಿನಲ್ಲಿ ಕಾಫಿ, ಕಾಗದದಲ್ಲಿ ಸುತ್ತಿದ ಬಿಸ್ಕಿಟ್ ರೊಟ್ಟಿ ಹಿಡಿದು ಅದರ ಪಕ್ಕ ಕೂರುವಳು. ಭೂಮಿಯ ಮೇಲೆ ಅವಳದು ಅಂತ ಇದ್ದ ಮಣ್ಣು ಅಷ್ಟೇ, ಅದೂ ಭೂಮಿಯ ಮೇಲಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಏಪ್ರಿಲಿನಲ್ಲಿ, ಕೆಳಗೆ ಮೀನು ಹಿಡಿಯುತ್ತಿದ್ದವನೊಬ್ಬನ ಪಕ್ಕಕ್ಕೆ ತಲೆಯಷ್ಟು ದೊಡ್ಡ ಕಾಂಕ್ರೀಟಿನ ಹೆಂಟೆ ಬಿತ್ತು. ಅವನು ದೂರು ಕೊಟ್ಟ. ರಸ್ತೆ ಇಲಾಖೆಯಿಂದ ಟ್ರೆಂಟ್ ಎಂಬ ಇಂಜಿನಿಯರು ಬಂದ, ಇನ್ನೂ ಹುಡುಗ, ಮರ್ಯಾದಸ್ಥ. ಹಿಂದೆ ಬಂದವರೆಲ್ಲ ದಡದಲ್ಲೇ ನಿಂತು ಕತ್ತೆತ್ತಿ ನೋಡಿ ಹೋಗಿದ್ದರು. ಇವನು ಏಣಿಯ ಲಾರಿ ತರಿಸಿ ಸೇತುವೆಯ ಹೊಟ್ಟೆಯ ತನಕ ಹೋಗಿ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳಿದ. ಮೇಲೆ ಕಾಯುತ್ತಿದ್ದ ವಿಲ್ಡಾ, ಓಲೀಟಾರ ಬಳಿ ಬಂದಾಗ ಅವನ ಕೈಯಲ್ಲೊಂದು ಕಪ್ಪನೆಯ ಗಟ್ಟಿ ಉಂಡೆ ಇತ್ತು.

"ಮೇಡಂ, ಇದೇನು ಅಂತ ಗೊತ್ತಾಗ್ತಿಲ್ಲ. ಎಲ್ಲಾ ತೂತಲ್ಲೂ ಇದೆ."

ವಿಲ್ಡಾಳ ಮುಖ ಅರಳಿತು. "ಅಯ್ಯೋ, ಅದು ನಮ್ಮ ಕಾಲುಚೀಲ ಕಣಪ್ಪಾ! ಈ ಓಲೀಟಾಳದೇ ಐಡಿಯಾ. ಇವಳ ಗಂಡ ಮಲಗಿಕೊಂಡು ಒಂದೊಂದನ್ನೂ ಜಡಿದ. ನೋಡು, ಇಷ್ಟು ವರ್ಷ ಆದ್ರೂ ಒಂದು ಹಿಡಿ ಮಣ್ಣು ಹೋಗಿಲ್ಲ."

"ಮಣ್ಣು ಹೋಗಿಲ್ಲ" ಎಂದ ಟ್ರೆಂಟ್. "ನೀರೂ ಹೋಗಿಲ್ಲ."

ವಿಲ್ಡಾ ಇನ್ನೂ ನಗುತ್ತಿದ್ದಳು. ಓಲೀಟಾ ಅವನ ಮುಖ ನೋಡಿದಳು. ಮಿಲ್ಲಿನಲ್ಲಿ ಯಂತ್ರ ಬಿಚ್ಚುವ ಹಿಂದಿನ ದಿನ ಮೇಲ್ವಿಚಾರಕನ ಮುಖ ಹೀಗೇ ಇತ್ತು.

"ಆ ನೀರೆಲ್ಲ ಎಲ್ಲಿಗೆ ಹೋಯ್ತಪ್ಪಾ?" ಎಂದು ಕೇಳಿದಳು.

"ಕಾಂಕ್ರೀಟಿನ ಒಳಕ್ಕೆ, ಮಿಸ್ ಓಲೀಟಾ" ಎಂದ, ಆ ಸೀಮೆಯಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ. "ಒಳಗಿನ ಕಬ್ಬಿಣಕ್ಕೆ."

ಎರಡು ವಾರದ ನಂತರ ಚರ್ಚಿನ ಊಟದ ಹಾಲ್‌ನಲ್ಲಿ ಸಭೆ. ಮಡಿಸುವ ಕುರ್ಚಿಗಳು, ಬೆಣ್ಣೆಯ ಕೇಕು, ಸಿಹಿ ಚಹಾ. ಟ್ರೆಂಟ್ ಸುತ್ತಿ ಬಳಸಿ ಹೇಳುವವನಲ್ಲ. ಮಣ್ಣಿನ ಭಾರಕ್ಕೂ ನೆನೆದ ನೀರಿಗೂ ಸೇತುವೆ ಸತ್ತಿದೆ, ಜೂನಿನಲ್ಲಿ ಒಡೆಯುತ್ತೇವೆ, ಮೇ ಕೊನೆಯ ಶನಿವಾರದೊಳಗೆ ಗಿಡ ತೆಗೆದುಕೊಳ್ಳಿ ಎಂದ.

"ಆ ಕಾಲುಚೀಲ ಎಳೆದುಹಾಕಿದ್ರೆ ಸರಿ ಹೋಗಲ್ವಾ?" ಎಂದಳು ವಿಲ್ಡಾ. "ನಾಳೆಯೇ ಎಳೀತೀವಿ. ಬೇಕಾದ್ರೆ ಹಲ್ಲಲ್ಲಿ ಎಳೀತೀನಿ."

"ಆಗಿಹೋಗಿದೆ ಮೇಡಂ. ಒಳಗಿನ ಕಂಬಿ ಕೈಯಲ್ಲಿ ಹಿಸುಕಿದ್ರೆ ಪುಡಿಯಾಗುತ್ತೆ."

ಓಲೀಟಾ ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

"ಅಕ್ಟೋಬರ್ ತನಕ ಬಿಡೋಕಾಗುತ್ತಾ?"

"ಯಾಕೆ ಮಿಸ್ ಓಲೀಟಾ?"

"ಒಂದು ಗಿಡ ಇದೆ."

ಹಿಂದೆ ಯಾರೋ ನಕ್ಕರು. ಟ್ರೆಂಟ್ ನಗಲಿಲ್ಲ. "ಬೇಸಿಗೆ ಮಳೆಗೆ ಹೊಳೆ ಏರಿದ್ರೆ ಅದು ತಾನಾಗೇ ಬೀಳುತ್ತೆ. ಕೆಳಗಡೆ ಮನೆಗಳಿವೆ. ಕ್ಷಮಿಸಿ" ಎಂದ. ಆಮೇಲೆ, ಎಲ್ಲ ಕಡೆ ಹೇಳುವಂತೆ ಇಲ್ಲೂ ಹೇಳಿಬಿಟ್ಟ: "ನೀವೆಲ್ಲ ಇಷ್ಟು ವರ್ಷ ಬೆಳೆಸಿದ ತೋಟಕ್ಕೆ, ಇಲಾಖೆಯ ಪರವಾಗಿ ಥ್ಯಾಂಕ್ಸ್."

ಕೇಕು ಕತ್ತರಿಸುತ್ತಿದ್ದವರು ಚಾಕು ಕೆಳಗಿಟ್ಟರು. ಹುಡುಗ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಅವರಿವರ ಮುಖ ನೋಡಿದ.

"ಮುಗೀತು" ಎಂದಳು ವಿಲ್ಡಾ. "ಅಂದೇಬಿಟ್ಟ."

ಮನೆಗೆ ಬಿಡುವಾಗ ಕಾರಿನಲ್ಲಿ ವಿಲ್ಡಾ ಸಮಾಧಾನಕ್ಕೆ ಕೈಹಾಕಿದಳು. "ನೀನು ಮಾಡಿದ್ದಲ್ಲ ಕಣೇ. ನಾವೆಲ್ಲ ಸೇರಿ ಮಾಡಿದ್ದು."

"ಯೋಚನೆ ಯಾರದು?"

"ಜಡಿದವನು ನಿನ್ನ ಗಂಡ."

"ಸತ್ತವನ ತಲೆಗೆ ಕಟ್ಟಬೇಡ. ದಿನಕ್ಕೆರಡು ಸಲ ನೀರು ಕುಡಿಸಿದವಳು ನಾನು." ಓಲೀಟಾ ಕಿಟಕಿಯ ಕಡೆ ತಿರುಗಿದಳು. ಅವಳಿಗೆ ಅಳು ಬರಲಿಲ್ಲ. ಕೈಯಾರೆ ಸಾಕಿದ್ದನ್ನು ಆ ಸಾಕುವ ಕೈಯೇ ಕೊಂದಿತ್ತು, ಇದಕ್ಕೆ ಯಾರನ್ನು ಬೈಯುವುದು?

ಕೊನೆಯ ಶನಿವಾರ ಊರಿಗೆ ಊರೇ ಗುದ್ದಲಿ ಹಿಡಿದು ಬಂತು. ಬಕೆಟ್ಟು, ಬಟ್ಟೆಯ ಬುಟ್ಟಿ, ಮಗುವಿನ ಸ್ನಾನದ ತೊಟ್ಟಿ, ಕೈಗೆ ಸಿಕ್ಕಿದ್ದರಲ್ಲಿ ಗಿಡ ತುಂಬಿದರು. ಓಲೀಟಾ ತನ್ನ ಮಡಿಯದನ್ನೆಲ್ಲ ಕಿತ್ತು ಕಿತ್ತು ಕೊಟ್ಟಳು. "ಇದು ಬಿಸಿಲಿಗೆ. ಇದು ನೆರಳಿಗೆ. ಇದಕ್ಕೆ ನೀರು ಜಾಸ್ತಿ ಹಾಕಬೇಡ" ಎಂದು ಹೇಳುವಾಗ ಒಂದು ಸಲ ತಡೆದಳು. ಫ್ಲಾರಿಡಾದಿಂದ ಬಂದು ನೆಲೆಸಿದ್ದ ಹೆಂಗಸೊಬ್ಬಳು ಐರಿಸ್ ಎತ್ತಿಕೊಂಡು ಭಾವುಕಳಾಗಿ ಬಾಯಿ ತೆರೆದಳು.

"ಬಾಯಿ ಮುಚ್ಚು ತಾಯೀ!" ಎಂದು ವಿಲ್ಡಾ ದೂರದಿಂದಲೇ ಕೂಗಿದಳು. "ಆ ಮಾತು ಮಾತ್ರ ಬೇಡ!"

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಕೆದಕಿದ ಮಣ್ಣು, ಮತ್ತು ಪಿಯೋನಿ. ಆ ವರ್ಷ ತಡವಾಗಿ ಮೊಗ್ಗಿಟ್ಟಿತ್ತು. ಮೊಗ್ಗುಗಳ ಮೇಲೆ ಇರುವೆಗಳು ಓಡಾಡುತ್ತಿದ್ದವು, ಒಂದರ ತುದಿಯಲ್ಲಿ ಗುಲಾಬಿ ಬಣ್ಣ ಇಣುಕಿತ್ತು.

"ನನ್ನ ಹಿತ್ತಲಿಗೆ ಹಾಕೋಣ" ಎಂದು ವಿಲ್ಡಾ ಮೊಣಕಾಲೂರಿದಳು. "ದಿನಾ ಬಂದು ಕೂತ್ಕೋ. ಕಾಫಿ ನೀನೇ ತರಬೇಕು, ನಾನು ಮಾಡಿಕೊಡಲ್ಲ."

ಸುತ್ತ ಅಗೆದು, ಇಬ್ಬರೂ ಎರಡು ಕಡೆಯಿಂದ ಹಿಡಿದು ಎತ್ತಿದರು. ಬರಲಿಲ್ಲ. ಮಣ್ಣು ಸರಿಸಿ ನೋಡಿದರೆ ಬೇರು ಪಕ್ಕದ ತೂತಿಗೆ ಇಳಿದು, ಕಾಲುಚೀಲದ ಉಂಡೆಯನ್ನು ತಬ್ಬಿ ಹೊಲಿದುಕೊಂಡಿತ್ತು. ಕಪ್ಪಾದ ಬಟ್ಟೆಯಲ್ಲಿ ಬೆರಳಿನ ತುದಿಯ ಹೊಲಿಗೆ ಇನ್ನೂ ಗುರುತು ಸಿಗುತ್ತಿತ್ತು. ತಪ್ಪು ಹೊಲಿಗೆ, ಆದರೆ ಬಿಟ್ಟಿರಲಿಲ್ಲ. ವಿಲ್ಡಾ ಇನ್ನೊಮ್ಮೆ ಜಗ್ಗಿದಾಗ ಒಂದು ಗೆಡ್ಡೆ ಲಟಕ್ಕೆಂದು ಮುರಿಯಿತು, ಚಿಗುರುವ ಕಣ್ಣು ಒಂದೂ ಇಲ್ಲದ ತುಂಡು.

"ಬಿಡು" ಎಂದಳು ಓಲೀಟಾ.

"ಇಲ್ಲೇ ಬಿಟ್ರೆ ಸಾಯುತ್ತೆ ಕಣೇ."

"ಎಲ್ಲಿ ಹಾಕಿದ್ರೂ ಸಾಯುತ್ತೆ. ನಿನ್ನ ಹಿತ್ತಲಲ್ಲಿ ದಿನಾ ಸ್ವಲ್ಪ ಸ್ವಲ್ಪ ಸಾಯೋದನ್ನ ನಾನು ನೋಡಲಾರೆ."

ವಿಲ್ಡಾ ಗುದ್ದಲಿಯನ್ನು ಪಕ್ಕಕ್ಕಿಟ್ಟಳು. ಓಲೀಟಾ ಮಣ್ಣನ್ನು ಮತ್ತೆ ಬುಡಕ್ಕೆ ಎಳೆದು ಅಂಗೈಯಿಂದ ಅದುಮಿದಳು, ತುಂಬ ಆಳವಾಗದಂತೆ. ಅಭ್ಯಾಸಬಲದಿಂದ ಪಕ್ಕದ ಡಬ್ಬಿಯ ನೀರನ್ನು ಬುಡಕ್ಕೆ ಸುರಿದಳು. ಅರ್ಧ ಸುರಿದ ಮೇಲೆ ನೆನಪಾಗಿ ಕೈ ನಿಂತಿತು. ಆಮೇಲೆ, ಇನ್ನೇನು ಎಂದುಕೊಂಡು, ಉಳಿದರ್ಧವನ್ನೂ ಸುರಿದಳು.

ತುದಿಯಲ್ಲಿ ಇಲಾಖೆಯವರು ದಾರಿ ಮುಚ್ಚಲು ಸರಪಳಿ ಹಿಡಿದು ಕಾಯುತ್ತಿದ್ದರು. ವಿಲ್ಡಾ ಅವಳ ತೋಳು ಹಿಡಿದು ಎಬ್ಬಿಸಿದಳು. ನಾಲ್ಕು ಹೆಜ್ಜೆ ಹೋದ ಓಲೀಟಾ ತಿರುಗಿ ಬಂದು, ಆ ಇಣುಕುವ ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದಳು. ಮದುವೆಯ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತಿಗೆ ಇನ್ನು ಹೆದರಬೇಕಾದ್ದು ಏನೂ ಇರಲಿಲ್ಲ.

"ಥ್ಯಾಂಕ್ಸ್, ಅವ್ವಾ" ಎಂದಳು.

ವಿಲ್ಡಾ ಕೇಳಿಸಿಕೊಂಡಳು. ಬಾಯಿ ಮುಚ್ಚು ಅನ್ನಲಿಲ್ಲ.