ಸುಬೇದಾರರ ಕೊನೆಯ ಸಾಲು

ನನ್ನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ.

ಹೋದ ವರ್ಷ ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಗೇಟಿನಲ್ಲಿ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟರು. ಹೆಸರು, ಮನೆ ನಂಬರ್ ಬರೆದು ಸಹಿ ಹಾಕಿದೆ. ‘ಬಂದ ಕಾರಣ’ ಅನ್ನುವ ಕಾಲಂ ಮಾತ್ರ ಅವರೇ ತುಂಬುತ್ತಾರಂತೆ. ವಾಪಸ್ ಹೋಗುವಾಗ ಔಟ್ ಟೈಮ್ ಬರೆಯಲು ಬಗ್ಗಿದೆ. ನನ್ನ ಹೆಸರಿನ ಮುಂದೆ ದುಂಡು ಅಕ್ಷರದಲ್ಲಿ ಹೀಗಿತ್ತು: ‘ನೆಂಟರನ್ನು ನೋಡಲು. ಬರಲು ಇಷ್ಟವಿರಲಿಲ್ಲ. ಬಾಳೆಹಣ್ಣು ತಂದಿದ್ದಾರೆ.’

ನಿಜವೇ. (ಆ ನೆಂಟರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.)

ಇನ್ನೊಬ್ಬರ ವಿಷಯ ಓದಬಾರದು ಅನ್ನುವುದು ನನಗೂ ಗೊತ್ತು. ಆದರೂ ಮೇಲಿನ ಸಾಲುಗಳನ್ನು ಓದಿದೆ. ‘ಮಗಳನ್ನು ನೋಡಲು. ಹಲಸಿನ ಹಣ್ಣು ಹೊತ್ತು ತಂದಿದ್ದಾರೆ. ಮಗಳು ಊರಲ್ಲಿಲ್ಲ, ಇವರಿಗೆ ಗೊತ್ತಿಲ್ಲ.’ ಅದರ ಕೆಳಗೆ: ‘ಗೀಸರ್ ರಿಪೇರಿ. ಹೊಸ ಶೂ ಕಚ್ಚುತ್ತಿದೆ.’ ಪುಟದ ಕೊನೆಯಲ್ಲಿ ಒಂದು ಅಡ್ಡಗೆರೆ. ಗೆರೆಯ ಕೆಳಗೆ ‘ಎಲ್ಲಾ ಸರಿ ಇದೆ’ ಎಂದು ಬರೆದು ಸಹಿ.

ಹದಿನಾಲ್ಕು ವರ್ಷ ಟಿವಿ ಸೀರಿಯಲ್‌ಗಳಿಗೆ ಡೈಲಾಗ್ ಬರೆದವಳು ನಾನು. ಒಬ್ಬ ಅಪ್ಪನನ್ನು ಪರಿಚಯಿಸಲು ನನಗೆ ಮೂರು ಎಪಿಸೋಡ್ ಬೇಕಾಗುತ್ತಿತ್ತು. ಇವರು ಒಂದು ಹಲಸಿನ ಹಣ್ಣಿನಲ್ಲಿ ಮುಗಿಸಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

“ಏನ್ ಸಾರ್ ಇದು, ಹಿಂಗ್ ಬರೀತೀರಾ?” ಅಂದೆ.

“ಅಭ್ಯಾಸ ಮೇಡಂ. ಮಿಲಿಟ್ರಿ ಪೋಸ್ಟಲ್ಲಿ ಯಾರ್ ಬಂದ್ರು, ಹೆಂಗ್ ಬಂದ್ರು, ಕೈಲೇನಿತ್ತು, ಎಲ್ಲಾ ಬರೀಬೇಕಿತ್ತು. ಇಪ್ಪತ್ತೆಂಟು ವರ್ಷ ಅದೇ ಮಾಡಿದೀನಿ.”

ಹೆಸರು ನಂಜುಂಡಪ್ಪ. ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಮನೆ ಮೂಡಲಪಾಳ್ಯದಲ್ಲಿ.

ಸೈನಿಕರೆಂದರೆ ನಮಗೆಲ್ಲ ಎಷ್ಟು ಗೌರವ ನೋಡಿ. ವಾಟ್ಸಾಪ್‌ನಲ್ಲಿ ಬೆಳಿಗ್ಗೆ ಒಂದು ಸೆಲ್ಯೂಟ್, ಸಂಜೆ ಒಂದು ಸೆಲ್ಯೂಟ್. ಅವರು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದಾಗ ಏನು ಕೊಡುತ್ತೇವೆ? ಒಂದು ಗೇಟು, ಒಂದು ಪ್ಲಾಸ್ಟಿಕ್ ಕುರ್ಚಿ, ಕೊರಳಿಗೊಂದು ವಿಷಲ್. ಅವರಿಗೆ ಬೇರೇನಾದರೂ ಬರುತ್ತದೆಯೇ ಎಂದು ನಾನೂ ಅದುವರೆಗೆ ಯಾರನ್ನೂ ಕೇಳಿರಲಿಲ್ಲ.

“ಸೀರಿಯಲ್‌ಗೆ ಬರೀತೀರಾ?” ಅಂದೆ.

ಅವರು ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು. “ನಮ್ಮನೇಲಿ ಹೆಂಡ್ತಿ ನೋಡ್ತಾಳೆ ಮೇಡಂ. ಏಳೂವರೆಗೆ ಕೂತ್ರೆ ಒಂಬತ್ತಕ್ಕೆ ಏಳೋದು. ಆ ಸೀರಿಯಲ್‌ನೋರೆಲ್ಲ ಅವ್ಳಿಗೆ ಗೊತ್ತು, ಮನೇಲಿ ನಾನೇ ಹೊಸಬ. ಅದ್ರೊಳಗಿಂದ ಒಂದ್ ಮಾತು ಹೇಳಿದ್ರೆ ಕೇಳಿಸ್ಕೋತಾಳೇನೋ.”

ಹೀಗೆ ನಮ್ಮ ಭಾನುವಾರದ ಕ್ಲಾಸು ಶುರುವಾಯಿತು. ನಂಜುಂಡಪ್ಪನವರು ತಮ್ಮಂತೆಯೇ ನಿವೃತ್ತರಾದ ನಾಲ್ವರನ್ನು ಕರೆತಂದರು. ಹೊಸಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ರೂಮು. ಕ್ಲಾಸು ಹತ್ತಕ್ಕೆ. ಅವರು ಒಂಬತ್ತೂ ಮುಕ್ಕಾಲಿಗೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾರೆ, ನಾನು ಹತ್ತೂ ಹತ್ತಕ್ಕೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತೇನೆ. ಐವರೂ ಎದ್ದು ನಿಲ್ಲುತ್ತಾರೆ. ಇಷ್ಟು ನಾಚಿಕೆ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಆ ರೂಮಿನಲ್ಲಿ ನನಗೆ ವಿಪರೀತ ಹಗಲುಗನಸು. ಕೆಳಗೆ ಗಿರಣಿ ಗುಂಯ್ ಅನ್ನುತ್ತಿರುತ್ತದೆ, ನೆಲ ಸಣ್ಣಗೆ ನಡುಗುತ್ತದೆ, ಕಿಟಕಿಯ ಬಿಸಿಲಿನಲ್ಲಿ ಹಿಟ್ಟಿನ ಪುಡಿ ಇಳಿಯುವುದೋ ಏರುವುದೋ ತಿಳಿಯದೆ ತೇಲುತ್ತಿರುತ್ತದೆ. ಐದು ನರೆತ ತಲೆಗಳು ಬಗ್ಗಿ ಬರೆಯುತ್ತಿರುತ್ತವೆ. ನಾನು ಕಣ್ಣು ಬಿಟ್ಟುಕೊಂಡೇ ಒಂದು ಸಂಜೆಗೆ ಹೋಗಿಬಿಡುತ್ತೇನೆ. ಏಳೂವರೆ. ವಿಜಯನಗರದಿಂದ ಮೂಡಲಪಾಳ್ಯದವರೆಗೆ ಎಲ್ಲ ಕಿಟಕಿಗಳಲ್ಲೂ ನೀಲಿ ಬೆಳಕು. ಎಲ್ಲ ಮನೆಗಳಲ್ಲೂ ಇವರು ಬರೆದ ಮಾತು.

“ಮೇಡಂ, ಬರ್ದಾಯ್ತು,” ಅಂತ ನಂಜುಂಡಪ್ಪನವರು ಎಬ್ಬಿಸುತ್ತಿದ್ದರು.

ಅವರ ಸೀನುಗಳಲ್ಲಿ ಅತ್ತೆ ಇದ್ದಳು, ಸೊಸೆ ಇದ್ದಳು, ಹಾಲು ಉಕ್ಕುತ್ತಿತ್ತು, ಕಣ್ಣೂ ತುಂಬುತ್ತಿತ್ತು. ತೊಂದರೆ ಇದ್ದದ್ದು ಕೊನೆಯ ಸಾಲಿನಲ್ಲಿ. ಸೀರಿಯಲ್ ನಿಂತಿರುವುದೇ ಕೊನೆಯ ಸಾಲಿನ ಮೇಲೆ. ಬ್ರೇಕ್‌ಗೆ ಮುಂಚೆ ಏನೋ ಕೆಡಬೇಕು, ನೋಡುವವರು ರಿಮೋಟ್ ಮುಟ್ಟಬಾರದು. ಅದನ್ನು ನಾವು ಹುಕ್ ಅನ್ನುತ್ತೇವೆ. ನಂಜುಂಡಪ್ಪನವರ ಸೀನಿನಲ್ಲಿ ಎಂಥ ಜಗಳವಾದರೂ ಕೊನೆಗೆ ಅತ್ತೆ ಬಂದು ಕೇಳುತ್ತಾಳೆ. ಸೊಸೆ ನೆಟ್ಟಗೆ ನಿಂತು ‘ಎಲ್ಲಾ ಸರಿ ಇದೆ ಅತ್ತೆ’ ಅನ್ನುತ್ತಾಳೆ. ಮುಗಿಯಿತು.

“ಎಲ್ಲಾ ಸರಿ ಇದ್ರೆ ನಾಳೆ ಯಾಕ್ ಸಾರ್ ನೋಡ್ಬೇಕು?” ಅಂದೆ ಒಂದು ದಿನ, ಸ್ವಲ್ಪ ಕೋಪದಲ್ಲೇ.

“ದಿನಾ ಸಾಯಂಕಾಲ ಪ್ರತಿ ಪೋಸ್ಟಿಂದ ಮೇಲಕ್ಕೆ ರಿಪೋರ್ಟ್ ಹೋಗ್ಬೇಕು ಮೇಡಂ, ಎಲ್ಲಾ ಸರಿ ಇದೆ ಅಂತ. ಅದು ಹೋಗ್ದೆ ಇದ್ರೆ ಮೇಲೆ ಯಾರೂ ಮಲಗಲ್ಲ.” ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಮತ್ತೆ ಹಾಕಿದರು. “ಸರಿ ಇಲ್ಲ ಅಂತ ಬಿಟ್ಟು ಹೆಂಗ್ ಮಲ್ಗೋದು?”

ನಾನು ಹದಿನಾಲ್ಕು ವರ್ಷ ಕನ್ನಡಿಗರನ್ನು ಹಾಗೇ ಮಲಗಿಸಿದ್ದೇನೆ.

ಅಷ್ಟರಲ್ಲಿ ಒಂದು ಅವಕಾಶ ಬಂತು. ರಾಜಾಜಿನಗರದಲ್ಲಿ ಆಫೀಸು ಇಟ್ಟುಕೊಂಡಿರುವ ಒಂದು ಸೀರಿಯಲ್ ತಂಡಕ್ಕೆ ಒಬ್ಬ ರೈಟರ್ ಬೇಕಿತ್ತು. ಅಲ್ಲಿ ಕಥೆ ನೋಡಿಕೊಳ್ಳುವವನು ಒಂದು ಕಾಲಕ್ಕೆ ನನ್ನ ಅಸಿಸ್ಟೆಂಟ್. “ಅಕ್ಕ, ಶುಕ್ರವಾರದೊಳಗೆ ಒಂದ್ ಸೀನ್ ಕಳ್ಸಿ. ದೂರದಲ್ಲಿರೋ ಗಂಡ ಹೆಂಡತಿಗೆ ಫೋನ್ ಮಾಡ್ತಾನೆ, ಅಷ್ಟೇ ಸಿಚುಯೇಶನ್. ಆದ್ರೆ ಮಿಲಿಟ್ರಿಯವ್ರು ಅಂತ ಪಾಪ ನೋಡಿ ತಗೊಳಲ್ಲ,” ಅಂದ. ಅದೇ ಸರಿ ಅನ್ನಿಸಿತು.

ಐವರೂ ಬರೆದರು. ನಂಜುಂಡಪ್ಪನವರದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಬ್ರಾಕೆಟ್‌ನಲ್ಲಿ ‘ಗಂಡ ಆಸ್ಪತ್ರೆಯ ವರಾಂಡದಲ್ಲಿದ್ದಾನೆ, ಕಾಲಿಗೆ ಕಟ್ಟು ಹಾಕಿದೆ, ಅದನ್ನು ಹೇಳುವುದಿಲ್ಲ’ ಅಂತ ಬರೆದಿದ್ದರು. ಅದನ್ನು ಎರಡು ಸಲ ಓದಿದೆ. ಕೊನೆಯ ಸಾಲು? ಗಂಡ ‘ಮನೇಲಿ?’ ಅನ್ನುತ್ತಾನೆ. ಹೆಂಡತಿ ‘ಎಲ್ಲಾ ಸರಿ ಇದೆ’ ಅನ್ನುತ್ತಾಳೆ. ಇಬ್ಬರೂ ಫೋನ್ ಇಡುತ್ತಾರೆ.

“ಮನೇಲಿ ಒಂದ್ಸಲ ಓದಿ ಹೇಳಿ ಸಾರ್,” ಅಂದೆ. ತಲೆಯಾಡಿಸಿದರು. ಓದುವುದಿಲ್ಲ ಎಂದು ಗೊತ್ತಾಯಿತು. ಗುರುವಾರ ಸಂಜೆ ನಾನೇ ಮೂಡಲಪಾಳ್ಯಕ್ಕೆ ಹೋದೆ.

ಅವರ ಹೆಂಡತಿ ಗಿರಿಜಮ್ಮ ಸೋಫಾದ ಮುಂದೆ ಚಾಪೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಟಿವಿ ಮೇಲೆ. “ಬನ್ನಿ ಮೇಡಂ, ಈಗ ನೋಡಿ, ಇವ್ಳು ‘ನಾನು ಸತ್ರೂ ಹೇಳಲ್ಲ’ ಅಂತಾಳೆ,” ಅಂದರು. ಅವಳು ಹಾಗೇ ಅಂದಳು. ಬ್ರೇಕ್ ಬಂದಾಗ ನಾನು ಒತ್ತಾಯ ಮಾಡಿ ಸೀನ್ ಓದಿಸಿದೆ. ನಂಜುಂಡಪ್ಪನವರು ಡೈಲಾಗ್ ಮಾತ್ರ ಓದಿದರು. ಬ್ರಾಕೆಟ್‌ನಲ್ಲಿದ್ದ ಆಸ್ಪತ್ರೆ, ಕಾಲಿನ ಕಟ್ಟು ಎಲ್ಲವನ್ನೂ ಹಾರಿಸಿಬಿಟ್ಟರು. ನಾನು ಗಮನಿಸಿದೆ, ಬಾಯಿ ಬಿಡಲಿಲ್ಲ.

“ಅವ್ಳು ಫೋನ್ ಇಟ್ಟು ಏನ್ ಮಾಡಿದ್ಲು?” ಗಿರಿಜಮ್ಮ ಕೇಳಿದರು.

“ಏನ್ ಮಾಡ್ತಾಳೆ, ಅಂಗಡಿ ಫೋನ್ ಇಟ್ಟು ಮನೆಗ್ ಹೋದ್ಲು.”

“ಇಡ್ಲೇ ಇಲ್ಲ ರೀ ಅವ್ಳು.” ಅವರೆಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ. “ಮೇಡಂ, ನಮ್ಮ ಮಗ್ಳಿಗಾಗ ಎರಡು ವರ್ಷ. ಮನೇಲಿ ಫೋನಿಲ್ಲ, ಶೆಟ್ರ ಅಂಗಡಿದು ಪಿಪಿ ನಂಬರು. ಭಾನುವಾರ ಇವ್ರು ಮಾಡೋರು. ಎಲ್ಲಾ ಸರಿ ಇದೆ ಅಂತಿದ್ದೆ. ಇವ್ರು ಕಟ್ ಮಾಡೋರು. ನಾನು ಹಂಗೇ ಹಿಡ್ಕೊಂಡು ಅದಕ್ಕೇ ಹೇಳ್ತಿದ್ದೆ. ಮಗೀಗೆ ಕಾಮಾಲೆ, ಕಣ್ಣೆಲ್ಲಾ ಹಳದಿ ಆಗಿದೆ, ನಂಗೆ ಭಯ ಆಗ್ತಿದೆ, ಬನ್ನಿ ಅಂತ. ಶೆಟ್ರು ಪಾಪ, ಕೇಳಿಸ್ದೆ ಇರೋರ್ ಥರ ತೂಗಿದ್ ಬೇಳೆನೇ ಮತ್ತೆ ಮತ್ತೆ ತೂಗೋರು.”

ನಂಜುಂಡಪ್ಪನವರು ಹಾಳೆ ಹಿಡಿದುಕೊಂಡೇ ಇದ್ದರು. “ಯಾವ ವರ್ಷ ಅದು?” ಅಂದರು.

“ಈಗ್ಯಾಕ್ ಬಿಡಿ, ಮಗು ಹುಷಾರಾಯ್ತಲ್ಲ. ಬಂತು, ಬಂತು,” ಅಂದರು ಗಿರಿಜಮ್ಮ. ಸೀರಿಯಲ್ ಮತ್ತೆ ಶುರುವಾಗಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಎಷ್ಟು ನಿಜ. ಐದು ತಿಂಗಳು ನಾನು ಹುಕ್, ಹುಕ್ ಎಂದು ಬಡಿದುಕೊಂಡೆ. ಅವರಿಗೆ ಬೇಕಾದದ್ದು ಇಷ್ಟು ವರ್ಷದಿಂದ ಮನೆಯಲ್ಲೇ ಇತ್ತು.

ಮಾರನೆಯ ದಿನ ಸೀನ್ ಹೋಯಿತು. ಕೊನೆಯ ಸಾಲು ಬದಲಾಗಿತ್ತು. ಸಂಜೆಗೆ ರಾಜಾಜಿನಗರದಿಂದ ಫೋನ್. “ಯಾರಕ್ಕ ಇದು? ವಾರಕ್ಕೆ ಎರಡು ಸೀನ್ ಬರೀಲಿ.” ನಂಜುಂಡಪ್ಪನವರು ಗೇಟು ಬಿಟ್ಟಿಲ್ಲ, ಬೆಳಗಿನ ಪಾಳಿ ಹಾಕಿಸಿಕೊಂಡಿದ್ದಾರೆ. ಉಳಿದ ನಾಲ್ವರು ಈಗ ಒಂಬತ್ತೂವರೆಗೇ ಬಂದು ಕೂರುತ್ತಾರೆ.

ಆ ಸೀನ್ ಹೋದ ವಾರ ಬಂತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರಲ್ಲ, ಟಿವಿಯವರು ಬಡಿಸುವಾಗ ತಮ್ಮ ಕೈಚಳಕ ತೋರಿಸಿದ್ದರು. ಗಂಡ ದುಬೈ ಎಂಜಿನಿಯರ್ ಆಗಿದ್ದ. ಎರಡೆರಡು ಮಾತಿಗೊಂದು ಗುಡುಗು. ಆದರೆ ಕಾಲಿನ ಕಟ್ಟು ಹಾಗೇ ಇತ್ತು, ಕೊನೆಯ ಸಾಲೂ ಹಾಗೇ ಇತ್ತು.

ನಾನು ಅದನ್ನು ಮನೆಯಲ್ಲಿ ಕೂತು ನೋಡಲಿಲ್ಲ. ನನ್ನ ಹಗಲುಗನಸು ಒಂದು ಬಾಕಿ ಇತ್ತಲ್ಲ. ಏಳೂವರೆಗೆ ಮೂಡಲಪಾಳ್ಯದ ಒಂದು ಕ್ರಾಸಿನಲ್ಲಿ ನಿಧಾನವಾಗಿ ನಡೆಯುತ್ತಾ ಹೋದೆ. ಒಂದು ಮನೆಯ ಕಿಟಕಿಯಲ್ಲಿ ಶುರುವಾದ ಮಾತು ಮುಂದಿನ ಮನೆಯ ಕಿಟಕಿಯಲ್ಲಿ ಮುಗಿಯುತ್ತಿತ್ತು. ಒಂದು ಡೈಲಾಗೂ ತಪ್ಪಲಿಲ್ಲ. ಕೊನೆಗೆ ಆ ಹೆಂಗಸು ಕಟ್ ಆದ ಫೋನಿಗೆ ಹೇಳಿದಳು, “ಸರಿ ಇಲ್ಲ ರೀ. ಇಲ್ಲಿ ಏನೂ ಸರಿ ಇಲ್ಲ. ಬನ್ನಿ.” ಕೆಲವರ ಮನೆಯಲ್ಲಿ ಕೇಬಲ್, ಕೆಲವರ ಮನೆಯಲ್ಲಿ ಡಿಶ್, ಒಂದಕ್ಕಿಂತ ಒಂದು ಅರೆಕ್ಷಣ ಹಿಂದೆ. ಬನ್ನಿ, ಬನ್ನಿ, ಬನ್ನಿ ಎಂದು ಇಡೀ ಬೀದಿ ಯಾರನ್ನೋ ಮನೆಗೆ ಕರೆಯುತ್ತಿತ್ತು. ನಾನು ನಡು ಬೀದಿಯಲ್ಲಿ ನಿಂತು ಕಣ್ಣು ಒರೆಸಿಕೊಂಡೆ. (ಸ್ಕೂಟರಿನವರೊಬ್ಬರು “ಪಕ್ಕಕ್ ಬನ್ನಿ ಆಂಟಿ” ಅಂದರು.)

ಸುಬೇದಾರರ ಮನೆಯ ಮುಂದೆ ಬಂದಾಗ ಮಾತ್ರ ಸದ್ದಿಲ್ಲ. ಲೈಟ್ ಉರಿಯುತ್ತಿದೆ, ಟಿವಿ ಇಲ್ಲ. ಗಿರಿಜಮ್ಮನಿಗೆ ಹಿಡಿಸಲಿಲ್ಲವೇ? ತನ್ನ ಮಾತನ್ನು ಊರಿಗೆಲ್ಲ ಹೇಳಿದರು ಎಂದು ಸಿಟ್ಟೇ? ಬಾಗಿಲು ತಟ್ಟುವ ಧೈರ್ಯವಾಗದೆ ಮನೆಗೆ ಬಂದೆ.

ಬೆಳಿಗ್ಗೆ ಗೇಟಿನಿಂದಲೇ ನಂಜುಂಡಪ್ಪನವರ ಫೋನ್.

“ಸೀನ್ ಮುಗೀತಿದ್ದಂಗೆ ಟೀವಿ ಆಫ್ ಮಾಡ್ಬಿಟ್ಲು ಮೇಡಂ. ಇನ್ನೂ ಅರ್ಧ ಎಪಿಸೋಡ್ ಇತ್ತು. ಅದಾದ್ಮೇಲೆ ಎರಡು ಸೀರಿಯಲ್ ಇತ್ತು.”

“ಯಾಕಂತೆ?”

“‘ಆ ಕಾಲು ಯಾರ್ದು? ನೀವು ವಾಲಿಬಾಲ್ ಆಡ್ವಾಗ ಬಿದ್ದೆ ಅಂದಿದ್ರಲ್ಲ, ಈಗ ಸರಿಯಾಗಿ ಹೇಳಿ’ ಅಂದ್ಲು.” ಆ ಕಡೆ ಯಾವುದೋ ಕಾರು ಹಾರ್ನ್ ಮಾಡಿತು, ಗೇಟು ತೆರೆದ ಸದ್ದಾಯಿತು. “ಹೇಳ್ದೆ ಮೇಡಂ. ಒಂಬತ್ತರವರ್ಗೂ ಹೇಳ್ದೆ. ಮಧ್ಯ ಒಂದ್ ಬ್ರೇಕೂ ಕೊಡ್ಲಿಲ್ಲ ಅವ್ಳು.”

ಟಿವಿಯನ್ನೇ ಆಫ್ ಮಾಡಿಸಿದ ಈ ರೈಟರ್‌ನ ಟಿಆರ್‌ಪಿಯನ್ನು ಯಾವ ಲೆಕ್ಕದಲ್ಲಿ ಅಳೆಯುವುದು, ಹೇಳಿ?