ಗೋಡೆಯ ಮೇಲಿನ ಎರಡನೆಯ ಪಟ

ನನ್ನ ತಮ್ಮ ಸತ್ತಿಲ್ಲ, ಚಿಕ್ಕತಾಯವ್ವ. ಅವತ್ತು ನಿಮ್ಮೆದುರು ನಾನು ಹೇಳಿದ್ದು ಸುಳ್ಳು. ಅವನು ಚಾಮರಾಜನಗರದ ಅರಿಶಿನದ ಮಂಡಿಯೊಂದರಲ್ಲಿ ಕೆಲಸ ಮಾಡಿಕೊಂಡು, ಎರಡು ಹೊತ್ತೂ ಗಡದ್ದಾಗಿ ಉಂಡು ಚೆನ್ನಾಗಿಯೇ ಇದ್ದಾನೆ.

ಏಳು ವರ್ಷದ ಹಿಂದೆ ಸಂಶೋಧನೆ ಎಂದು ರೆಕಾರ್ಡರ್ ಹಿಡಿದು ಗುಂಡ್ಲುಪೇಟೆ ಕಡೆಯ ನಿಮ್ಮೂರಿಗೆ ಬಂದೆ. ಕಾಡಂಚಿನ ಮನೆಗಳ ಕಥೆ ಕೇಳುವುದು ನನ್ನ ಕೆಲಸ. ಬರೀ ಪ್ರಶ್ನೆ ಕೇಳಿದರೆ ಜನ ಹೌದು, ಇಲ್ಲ ಎಂದು ಮುಗಿಸುತ್ತಾರೆ; ಮನೆಯವರ ಫೋಟೊ ಕೈಯಲ್ಲಿದ್ದರೆ ತಾವೇ ಮಾತಾಡುತ್ತಾರೆ. ಮೊದಲು ನಿನ್ನ ಮನೆಯ ಫೋಟೊ ತೋರಿಸು, ಆಮೇಲೆ ಅವರದು ಕೇಳು — ಹೀಗೆಂದು ಕಲಿತಿದ್ದೆ. ಬಂಡೀಪುರದಲ್ಲಿ ವಾಚರ್ ಆಗಿದ್ದ ನಿಮ್ಮ ಮಗ ಆನೆ ತುಳಿದು ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ನೀವು ಮಾತ್ರ ಅವನ ಫೋಟೊವನ್ನು ಟ್ರಂಕಿನಿಂದ ಹೊರಗೇ ತೆಗೆದಿರಲಿಲ್ಲ. ಮೂರು ದಿನ ಬಂದೆ, ಮೂರು ದಿನವೂ ಕಾಫಿ ಕೊಟ್ಟು ಕಳಿಸಿದಿರಿ. ನಾಲ್ಕನೆಯ ದಿನ, ಗೋಪಾಲಸ್ವಾಮಿ ಬೆಟ್ಟದಲ್ಲಿ ತಮ್ಮ ಒಬ್ಬನೇ ನಿಂತಿದ್ದ ಫೋಟೊ ನಿಮ್ಮ ಕೈಗಿಟ್ಟು ಹೇಳಿಬಿಟ್ಟೆ —

"ನನ್ ತಮ್ಮ. ಹೋಗ್ಬಿಟ್ಟ."

ಎಷ್ಟು ಸಲೀಸಾಗಿ ಬಂತು ಆ ಮಾತು... ನೀವು ನನ್ನ ಕೈ ಹಿಡಿದು ಅತ್ತಿರಿ. ಆಮೇಲೆ ಟ್ರಂಕು ತೆರೆದು, ಮಧ್ಯಾಹ್ನವೆಲ್ಲ ಮಗನ ಬಗ್ಗೆ ಹೇಳಿದಿರಿ — ನನ್ನ ಪ್ರಬಂಧದಲ್ಲಿ ಎಲ್ಲರೂ ಮೆಚ್ಚಿದ ಅಧ್ಯಾಯ ಅದೇ. ಹೊರಟಾಗ ಕೇಳಿದಿರಿ, "ನಿನ್ ತಮ್ಮಂಗೆ ಏನಂದ್ರೆ ಆಸೆ ಕಣಮ್ಮಿ?" ಕಜ್ಜಾಯ ಎಂದೆ. ಅದೊಂದು ನಿಜ.

"ಪಟ ಇಲ್ಲೇ ಬುಟ್ಟೋಗು. ನನ್ ಮಗನ್ ಜೊತ್ಗೆ ಇರ್ಲಿ."

ಬಿಟ್ಟು ಬಂದೆ.

ಹೋದ ತಿಂಗಳು, ಪುಸ್ತಕವಾದ ಪ್ರಬಂಧವನ್ನು ಕೊಡಲು ಬಂದಾಗ ಗೋಡೆಯ ಮೇಲೆ ನಿಮ್ಮ ಮಗನ ಪಕ್ಕದಲ್ಲಿ ನನ್ನ ತಮ್ಮ — ಕಟ್ಟು ಹಾಕಿಸಿ, ಹಾರ ಹಾಕಿದ್ದಿರಿ.

"ಮಾಲಯ ಅಮಾಸೆಗೆ ಇಬ್ರಿಗೂ ಎಡೆ ಇಕ್ತೀನಿ ಕಣಮ್ಮಿ. ಒಂದ್ ವರ್ಸನೂ ಕಜ್ಜಾಯ ತಪ್ಸಿಲ್ಲ."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ತಮ್ಮನದೇ. ಕಟ್ ಮಾಡಿದೆ. "ಯಾರಮ್ಮಿ?" ಅಂದಿರಿ. "ಆಫೀಸಿನೋರು," ಅಂದೆ.

ಬದುಕಿರುವವನಿಗೆ ನಿಮ್ಮ ಕೈಯಿಂದ ಎಡೆ ಇಡಿಸಿದೆ. ತಿಳಿದರೆ ಆ ಪಾಪ ನಿಮ್ಮದೆಂದು ನೀವು ಕೊರಗುತ್ತೀರಿ, ಅದಕ್ಕೇ ಹೇಳಲಿಲ್ಲ ಎನ್ನಬಹುದಿತ್ತು — ಇಲ್ಲ, ಹೇಳದಿದ್ದದ್ದು ನಾಚಿಕೆಗೆ. ಪಾಪವೂ ನನ್ನದೇ.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ಮೊದಲು ಬರುತ್ತೇನೆ. ಆ ಹಾರವನ್ನು ನಾನೇ ತೆಗೆಯುತ್ತೇನೆ. ನೀವು ಬೈದರೆ ಬೈಸಿಕೊಂಡೇನು. ಆದರೆ ನಿಮ್ಮನ್ನು ಬಲ್ಲೆ — ಅವನು ಬದುಕಿದ್ದಾನೆ ಎಂದೊಡನೆ ನೀವು ಮೊದಲು ಸಂತೋಷಪಡುತ್ತೀರಿ. ಆಗ ನಿಮ್ಮೆದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?